ಸ್ಟೂಲಿದ್ದ ಕೋಣೆ

ಸೋಮವಾರ, ಮಧ್ಯಾಹ್ನ

ನನ್ನ ಅರ್ಧ ಡಾಕ್ಟರಿಗೆ,

ನೀನು ಆವತ್ತು ಅಂದದ್ದು ‘ಖಾಲಿ ಕೋಣೆ ಸುಳ್ಳು ಹೇಳುತ್ತೆ’ ಎಂದಿರಬೇಕು. ‘ಖಾಲಿ ಕೋಣೇಲಿ ಸುಳ್ಳು ಹೇಳೋದು ಸುಲಭ’ ಎಂದೂ ಇರಬಹುದು. ಬುಧವಾರದಿಂದ ಆ ಒಂದು ಮಾತನ್ನು ಸರಿಯಾಗಿ ನೆನಪಿಗೆ ತಂದುಕೊಳ್ಳಲು ಹೆಣಗುತ್ತಿದ್ದೇನೆ. ಸುತ್ತಲಿನದೆಲ್ಲ ನೆನಪಿದೆ. ಬಾಡಿಗೆ ಮನೆಗಳ ಜಾಹೀರಾತಿಗೆಂದು ನಾನು ತೆಗೆದ ಮೊದಲ ಫೋಟೋಗಳು ಊಟದ ಮೇಜಿನ ಮೇಲೆ ಹರಡಿದ್ದವು. ಲೆನ್ಸಿನ ಕೃಪೆಯಿಂದ ಹತ್ತಡಿಯ ಕೋಣೆ ಆಟದ ಮೈದಾನದಷ್ಟು ಕಾಣುತ್ತಿತ್ತು. ನೀನು ಔಷಧಿ ಅಂಗಡಿಯ ಕೆಲಸ ಮುಗಿಸಿ ಆಗಷ್ಟೇ ಬಂದಿದ್ದೆ. “ಇದನ್ನ ನಂಬ್ಕೊಂಡು ಬಂದೋರು ಮಂಚ ಎಲ್ಲಿ ಹಾಕ್ಬೇಕು ರೀ, ನಿಮ್ಮ ತಲೆ ಮೇಲಾ?” ಎಂದು ಕೇಳಿ, ಅಡುಗೆಮನೆಯ ಸ್ಟೂಲನ್ನು ಎತ್ತಿ ನನ್ನ ಕೈಗೆ ಕೊಟ್ಟೆ. ಇನ್ನು ಮೇಲೆ ಪ್ರತಿ ಕೋಣೆಯಲ್ಲೂ ಇದನ್ನಿಟ್ಟೇ ಫೋಟೋ ತೆಗೆಯಬೇಕು, ನೋಡುವವರಿಗೆ ನಿಜವಾದ ಅಳತೆ ಸಿಗಬೇಕು ಎಂದು ಕಟ್ಟಪ್ಪಣೆ ಮಾಡಿದೆ.

ಅಂದಿನಿಂದ ಸ್ಟೂಲು ನನ್ನ ಜೊತೆಗೇ ತಿರುಗುತ್ತಿದೆ. ನಾವು ಬೇರೆಯಾದಾಗ ಯಾರದು ಯಾವುದು ಎಂಬ ಮಾತೇ ಬಾರದೆ ಉಳಿದ ವಸ್ತು ಅದೊಂದೇ. ಗಿಡ್ಡ ಕಾಲಿಗೆ ನೀನು ತೊಡಿಸಿದ್ದ, ಔಷಧಿ ಸೀಸೆಯ ರಬ್ಬರ್ ಮುಚ್ಚಳವೂ ಹಾಗೇ ಇದೆ.

ಬುಧವಾರ ಬೆಳಿಗ್ಗೆ ಸ್ಟುಡಿಯೋಗೆ ಒಬ್ಬ ಹೆಂಗಸು ಬಂದರು. ವಯಸ್ಸು ಐವತ್ತರ ಆಸುಪಾಸು, ಕೈಯಲ್ಲಿ ತರಕಾರಿ ಚೀಲ. ಪಾಸ್‌ಪೋರ್ಟ್ ಫೋಟೋಗೆ ಬಂದವರೆಂದುಕೊಂಡು ಪರದೆ ಎಳೆದೆ. ಅವರು ಕೂತು, ಕೂದಲು ಸರಿಮಾಡಿಕೊಂಡು, ಫೋಟೋವನ್ನೂ ತೆಗೆಸಿಕೊಂಡು, ಆಮೇಲೆ ಚೀಲದಿಂದ ಒಂದು ಹಾಳೆ ತೆಗೆದು ಮುಂದಿಟ್ಟರು. ನಾನೇ ತೆಗೆದ ಕೋಣೆಯ ಚಿತ್ರ. “ಈ ಸ್ಟೂಲ್ ನಿಮ್ದೇನಾ ಸಾರ್?”

ಖಾಸಗಿ ಪತ್ತೇದಾರರಂತೆ. ನಾನು ಬಾಯಿ ಬಿಟ್ಟುಕೊಂಡು ನೋಡಿದ್ದಕ್ಕೆ, “ಮೊದ್ಲೆಲ್ಲ ಗಂಡಿನ ವಿಷಯ ವಿಚಾರಿಸಿ ಅಂತ ಬರೋರು, ಈಗ ಮನೆ ವಿಷಯ ವಿಚಾರಿಸಿ ಅಂತ ಬರ್ತಾರೆ. ಗಂಡು ಕೆಟ್ಟೋನಾದ್ರೆ ತಿದ್ಕೋಬಹುದು ಅನ್ನೋ ಆಸೆ ಇರುತ್ತೆ. ಮನೇನೇ ಇಲ್ದಿದ್ರೆ ಏನ್ ತಿದ್ತೀರಿ?” ಎಂದರು. ನಾನು ನಕ್ಕೆ. ಆಮೇಲೆ ಅವರು ಹೇಳಿದ್ದನ್ನು ಕೇಳಿ ಕ್ಯಾಮೆರಾ ಕೆಳಗಿಟ್ಟೆ.

ಒಂದನೇ ತಾರೀಕು, ಮೂರನೇ ಮಹಡಿಯ ಆ ಮನೆಯ ಮುಂದೆ ಏಳು ಸಂಸಾರಗಳು ಗಂಟುಮೂಟೆ ಸಮೇತ ಬಂದಿಳಿದವಂತೆ. ಏಳೂ ಕಡೆಯವರ ಕೈಯಲ್ಲಿ ಕೀಲಿ. ಒಂದೂ ಬಾಗಿಲಿಗೆ ಹತ್ತಲಿಲ್ಲ. ಬಾಗಿಲು ಒಳಗಿನಿಂದ ತೆರೆಯಿತು. ತೆರೆದವರು ಮನೆಯ ನಿಜವಾದ ಒಡತಿ, ಒಬ್ಬ ನರ್ಸ್. ನನ್ನಿಂದ ಫೋಟೋ ತೆಗೆಸಿದ್ದ ಬ್ರೋಕರ್, ನೆಂಟರು ಬರುತ್ತಾರೆಂದು ಹೇಳಿ ಆ ನರ್ಸ್ ಹತ್ತಿರ ಇಪ್ಪತ್ತೇ ದಿನಕ್ಕೆ ಮನೆ ಪಡೆದಿದ್ದ. ಆ ಇಪ್ಪತ್ತು ದಿನಗಳಲ್ಲಿ ಏಳು ಮಂದಿಗೆ ಮನೆ ತೋರಿಸಿ, ಏಳು ಮುಂಗಡ ಪಡೆದು, ಏಳು ಕೀಲಿ ಹಂಚಿದ್ದ. ನರ್ಸ್ ವಾಪಸು ಬಂದವರೇ ವಾಡಿಕೆಯಂತೆ ಬೀಗ ಬದಲಾಯಿಸಿದ್ದರು. “ಮೆಟ್ಟಿಲ ಮೇಲೆ ಮೂರು ಫ್ರಿಜ್ ನಿಂತಿದ್ವು ಸಾರ್. ಹತ್ತಿಸೋಕೂ ಆಗ್ದೆ, ಇಳಿಸೋಕೂ ಆಗ್ದೆ” ಎಂದರು ಪತ್ತೇದಾರಮ್ಮ. ಆರು ಮನೆಯವರು ಕೂಗಾಡಿದರಂತೆ. ಏಳನೆಯವರು ಒಬ್ಬರೇ ಬಂದಿದ್ದವರು, ತಮ್ಮ ಪೆಟ್ಟಿಗೆಯ ಮೇಲೆ ಕೂತು ‘ಸ್ಟೂಲ್ ಇತ್ತಲ್ಲ’ ಎಂದಷ್ಟೇ ಹೇಳಿದರಂತೆ. ಔಷಧಿ ಅಂಗಡಿಯವರು ಎಂದರು. ಹೆಸರು ಕೇಳುವ ಅಗತ್ಯ ಬೀಳಲಿಲ್ಲ.

ಹಾಲಿನ ಪೊಟ್ಟಣದ ತಾರೀಕನ್ನೂ ಎರಡು ಸಲ ಓದುವವಳು ನೀನು. ನೀನು ಮೋಸಹೋದದ್ದು ನನಗೆ ಮೊದಲು ಅರ್ಥವೇ ಆಗಲಿಲ್ಲ. ಪತ್ತೇದಾರಮ್ಮನಿಗೂ ಅದೇ ಸೋಜಿಗ. “ಅಷ್ಟು ಹುಷಾರಿನೋರು, ಒಂದು ಮಾತು ಕೇಳಿಲ್ಲ ನೋಡಿ. ಅಕ್ಕಪಕ್ಕದ ಮನೆಗಿಂತ ಬಾಡಿಗೆ ಯಾಕೆ ಇಷ್ಟು ಕಮ್ಮಿ ಅಂತ ಕೇಳಿಲ್ಲ. ಇವತ್ತೇ ಮುಂಗಡ ಕೊಡಿ, ಇನ್ನೊಂದು ಪಾರ್ಟಿ ಕಾಯ್ತಿದೆ ಅಂದಾಗ್ಲೇ ಎದ್ದು ಬರ್ಬೇಕಿತ್ತು. ಪಕ್ಕದ ಮನೆ ಬೆಲ್ ಒತ್ತಿ, ಇಲ್ಲಿ ಓನರ್ ಯಾರಮ್ಮ ಅಂದಿದ್ರೆ ಸಾಕಿತ್ತು. ನಾನೇನು ಮಂತ್ರ ಹಾಕ್ತೀನಾ? ಕರೆಂಟ್ ಬಿಲ್‌ನಲ್ಲಿ ಯಾರ ಹೆಸರಿದೆ ನೋಡ್ತೀನಿ, ಕೆಳಗಿನ ಅಂಗಡೀಲಿ ಒಂದು ಸೋಪು ತಗೊಂಡು ಮಾತಾಡ್ತೀನಿ. ಅರ್ಧ ಗಂಟೆ ಕೆಲಸ.” ಹೋಗುವಾಗ ಬಾಗಿಲಲ್ಲಿ ನಿಂತು ಇನ್ನೊಂದು ಮಾತು ಸೇರಿಸಿದರು. ನೀನು ಅವರನ್ನು ನೇಮಿಸಿಕೊಂಡದ್ದು ಮುಂಗಡ ವಾಪಸು ಪಡೆಯಲೆಂದಲ್ಲವಂತೆ. “ಅವರಿಗೆ ಬೇಕಾಗಿರೋದು ಒಂದೇ ವಿಷಯ. ನೀವು ಅವನ ಜೊತೆ ಸೇರಿದ್ರಾ, ಇಲ್ವಾ ಅಂತ.”

ಆ ಪ್ರಶ್ನೆಯನ್ನು ನೀನೇ ಬಂದು ಕೇಳಬಹುದಿತ್ತು. ಕೇಳಲಿಲ್ಲವೆಂದು ನಾನು ಬೇಸರಪಡುವ ಹಾಗೂ ಇಲ್ಲ. ಕೇಳಿದ್ದಕ್ಕೆಲ್ಲ ಕ್ಯಾಮೆರಾ ಒರೆಸುತ್ತ ಉತ್ತರ ಕೊಟ್ಟವನು ನಾನು.

ಆ ಬ್ರೋಕರನನ್ನು ನಾನು ನಗುಮುಖ ಎಂದು ಕರೆಯುತ್ತಿದ್ದೆ. ಲಿಫ್ಟಿಗೂ ನಮಸ್ಕಾರ ಹೇಳುವ ಮನುಷ್ಯ. ಎರಡು ವರ್ಷದಿಂದ ಕೆಲಸ ಕೊಡುತ್ತಿದ್ದ. ಆ ಮನೆಗೆ ನಾನು ಹೋದದ್ದು ಒಂದು ಮಂಗಳವಾರ. ಪೂರ್ವದ ಕಿಟಕಿ, ಒಳ್ಳೆಯ ಬೆಳಕು. ಫೋಟೋ ತೆಗೆದೆ, ಬಂದೆ. ಸ್ಟೂಲನ್ನು ಅಲ್ಲೇ ಮರೆತೆ, ಶುಕ್ರವಾರ ಹೋಗಿ ತಂದೆ. ನೀನು ಮನೆ ನೋಡಲು ಹೋದ ದಿನ ಅದು ಅಲ್ಲಿದ್ದದ್ದು ಹಾಗೆ. ಬುಧವಾರ ಪತ್ತೇದಾರಮ್ಮನಿಗೆ ಇಷ್ಟನ್ನೇ ಹೇಳಿದ್ದೆ.

ಶನಿವಾರ ಅವರು ಮತ್ತೆ ಬಂದು ತಮ್ಮ ಫೋಟೋಗಳನ್ನು ತೆಗೆದುಕೊಂಡರು. ಕಿವಿ ಕಾಣುತ್ತಿಲ್ಲವೆಂದು ದೂರಿದರು. ಆಮೇಲೆ ಅದೇ ದನಿಯಲ್ಲಿ, “ಸಾಕ್ಷಿಗೂ ಆರೋಪಿಗೂ ಜಾಸ್ತಿ ದೂರ ಇಲ್ಲ ಸಾರ್. ಯಾವಾಗ ಬಾಯಿ ಬಿಟ್ರು ಅನ್ನೋದ್ರ ಮೇಲಿರುತ್ತೆ” ಎಂದರು. ನಾನು ಬಾಯಿ ಬಿಟ್ಟೆ. ಆ ಮಂಗಳವಾರ ಅಡುಗೆಮನೆಯ ಕಟ್ಟೆಯ ಮೇಲೆ ಒಂದೇ ಥರದ ಏಳು ಕೀಲಿಗಳಿದ್ದವು, ಆಗಷ್ಟೇ ಕಡೆಸಿದ ಹೊಳಪು ಹಾಗೇ ಇತ್ತು. ಅವು ಚಿತ್ರವನ್ನು ಕೆಡಿಸುತ್ತಿದ್ದವು. ಒಂದು ಮನೆಗೆ ಏಳು ಕೀಲಿ ಯಾಕೆಂದು ನಾನು ಕೇಳಲಿಲ್ಲ. ಅಂಗೈಯಿಂದ ಬಳಿದು ಫ್ರೇಮಿನ ಹೊರಗೆ ಸರಿಸಿದೆ. ಕ್ಲಿಕ್ಕಿಸಿದೆ.

ಇದನ್ನು ಹೇಳುವಾಗ ನನ್ನ ಅಂಗೈಯನ್ನೇ ನೋಡುತ್ತಿದ್ದೆ. ಯಾರದೋ ಕೈಯಂತೆ ಕಂಡಿತು.

ನಿನ್ನೆ, ಭಾನುವಾರ, ನಗುಮುಖ ಇನ್ನೊಂದು ಮನೆಯ ಫೋಟೋಗೆ ಕರೆದಿದ್ದ. ಎಂದಿನಂತೆ ಬನ್ನಿ, ಪೊಲೀಸರು ಮೆಟ್ಟಿಲ ಬಳಿ ಇರುತ್ತಾರೆ ಎಂದಿದ್ದರು ಪತ್ತೇದಾರಮ್ಮ. ನಾನು ಹೋದಾಗ ಒಬ್ಬ ಬಸ್ ಕಂಡಕ್ಟರ್ ಮತ್ತು ಅವರ ತಾಯಿ ಆಗಲೇ ಮನೆ ನೋಡುತ್ತಿದ್ದರು. ಮುಂಗಡದ ಕವರು ಮಗನ ಅಂಗಿ ಜೇಬಿನಿಂದ ಇಣುಕುತ್ತಿತ್ತು. ಅಷ್ಟರಲ್ಲಿ ತರಕಾರಿ ಚೀಲದೊಂದಿಗೆ ನಮ್ಮ ಪತ್ತೇದಾರಮ್ಮ ಒಳಗೆ ಬಂದು, ತಮಗೂ ಮನೆ ಬೇಕೆಂದೂ ಕರೆಂಟ್ ಬಿಲ್ ತೋರಿಸಬೇಕೆಂದೂ ಹಟ ಹಿಡಿದರು. ಅವನು ನಗುತ್ತಲೇ ನನ್ನ ಕಡೆ ತಿರುಗಿದ. “ಎರಡು ವರ್ಷದ ಪರಿಚಯ. ನೀವೇ ಹೇಳಿ ಸಾರ್, ನಾನು ಎಂಥೋನು ಅಂತ.”

ಸ್ಟೂಲನ್ನು ಕೆಳಗಿಟ್ಟು ಹೇಳಿದೆ: “ಆ ಏಳು ಕೀಲಿ ನಾನು ನೋಡಿದೀನಿ.”

ಅವನ ಮುಖದಿಂದ ನಗು ಹೋಗಲಿಲ್ಲ, ಅದೇ ಭಯಂಕರ. ಪೊಲೀಸರು ತೋಳು ಹಿಡಿದಾಗಲೂ ಅದು ಅಲ್ಲೇ ಇತ್ತು, ಹೊರಡುವಾಗ ಆರಿಸಲು ಮರೆತ ದೀಪದ ಹಾಗೆ. ಕಂಡಕ್ಟರರ ತಾಯಿ ನಮ್ಮ ಸ್ಟೂಲಿನ ಮೇಲೆ ಕೂತುಬಿಟ್ಟರು. “ಮಗಾ, ಜೇಬು ನೋಡ್ಕೊ” ಎಂದು ಮತ್ತೆ ಮತ್ತೆ ಹೇಳುತ್ತಿದ್ದರು. ಮಗ ಕವರನ್ನು ಎರಡೂ ಕೈಯಿಂದ ಒತ್ತಿ ಹಿಡಿದಿದ್ದರು.

ಸಂಜೆ ಠಾಣೆಯಲ್ಲಿ ಹೇಳಿಕೆಗೆ ಸಹಿ ಹಾಕಿದೆ. ಮಂಗಳವಾರ, ಕೀಲಿಗಳು, ಮರೆತ ಸ್ಟೂಲು. ನೀನು ಈಗ ತಂಗಿಯ ಮನೆಯ ಹಾಲ್‌ನಲ್ಲಿ, ಬಿಚ್ಚದ ಪೆಟ್ಟಿಗೆಗಳ ನಡುವೆ ಇದ್ದೀಯೆಂದು ಪತ್ತೇದಾರಮ್ಮ ಹೇಳಿದರು. ನೀನು ಬಿಟ್ಟುಬಂದ ಹಳೆಯ ಮನೆಗೆ ಆಗಲೇ ಬೇರೆಯವರು ಬಂದಿದ್ದಾರಂತೆ. ಸ್ಟುಡಿಯೋದ ಹಿಂದಿನ ಕೋಣೆ ಖಾಲಿ ಇದೆ ಎಂದು ಬರೆದು, ಹೊಡೆದುಹಾಕಿದ್ದೇನೆ. ಮೇಲಿನ ಗೀಟು ಅದೇ.

ನೀನು ಕೇಳಿದ್ದಕ್ಕೆ ಉತ್ತರ: ನಾನು ಅವನ ಜೊತೆ ಸೇರಿರಲಿಲ್ಲ. ಅವನ ಪಕ್ಕದಲ್ಲಿ ನಿಂತಿದ್ದೆ, ಬೆಳಕು ನೋಡುತ್ತ.

ಇಂತಿ,
ಫೋಟೋದವನು

ಮರೆತದ್ದು: ಸ್ಟೂಲನ್ನು ನಾನು ಎಲ್ಲೂ ಮರೆತವನಲ್ಲ, ಅದು ನಿನಗೂ ಗೊತ್ತು. ನೀನು ಮನೆ ನೋಡಲು ಬಂದದ್ದು ಅದೇ ಮಂಗಳವಾರ, ನಾನು ಇನ್ನೂ ಅಲ್ಲೇ ಇದ್ದೆ. “ಪಾರ್ಟಿ ಬೇಗ ಬಂದ್ಬಿಟ್ರು, ಸ್ವಲ್ಪ ಹಿಂದೆ ಇರಿ ಸಾರ್” ಎಂದು ಅವನು ನನ್ನನ್ನು ಬಾಲ್ಕನಿಗೆ ಕಳಿಸಿದ. ಅಲ್ಲಿ ಒಣಗಿದ ಬಕೆಟ್ಟಿನ ಪಕ್ಕ ನಿಂತಿದ್ದಾಗ ನೀನು ನೀರು ಎಷ್ಟು ಹೊತ್ತಿಗೆ ಬರುತ್ತದೆಂದು ಕೇಳುವುದು ಕೇಳಿಸಿತು. ಕೀಲಿಗಳನ್ನು ಸರಿಸಿದ ಕೈ ಬಾಗಿಲ ಚಿಲಕದ ಮೇಲೇ ಇತ್ತು. ಎರಡು ವರ್ಷದ ನಂತರ ನಿನಗೆ ಎದುರಾಗುವ ಮುಜುಗರಕ್ಕೆ ಅದನ್ನು ಎಳೆಯಲಿಲ್ಲ, ಅಷ್ಟೇ ಕಾರಣ. ಇಷ್ಟು ಸಣ್ಣ ಕಾರಣ. ಆಮೇಲೆ ಸ್ಟೂಲಿನ ಸದ್ದು: ಮೂರು ಕಾಲು ಟಕ್ಕೆಂದವು, ನಾಲ್ಕನೆಯದು ಸದ್ದು ಮಾಡಲಿಲ್ಲ. ನೀನು ಅದನ್ನು ಎತ್ತಿ, ರಬ್ಬರ್ ಮುಚ್ಚಳ ನೋಡಿ, ಕೆಳಗಿಟ್ಟಿದ್ದೆ. ಹೇಳಿಕೆಯಲ್ಲಿ ಇದು ಇಲ್ಲ. ಈ ಕಾಗದವನ್ನು ಅಂಚೆಗೆ ಹಾಕಿ ನೇರ ಠಾಣೆಗೆ ಹೋಗಿ ಸೇರಿಸಿ ಬರೆಸುತ್ತೇನೆ. ಅಲ್ಲಿ ಅವರು ನನ್ನನ್ನು ಎಷ್ಟು ಬೇಕಾದರೂ ಕೇಳಲಿ. ನಾನು ಕೇಳಬೇಕಾದದ್ದು ನಿನ್ನನ್ನು. ‘ಸರಿ, ತಗೋತೀನಿ’ ಎನ್ನುವ ಮೊದಲು ನೀನು ಬಾಲ್ಕನಿ ಬಾಗಿಲಿನವರೆಗೆ ಬಂದು ಸ್ವಲ್ಪ ಹೊತ್ತು ಸುಮ್ಮನೆ ನಿಂತೆಯಲ್ಲ, ಆಗ ಕಾಯುತ್ತಿದ್ದದ್ದು ಯಾರಿಗೆ?