ಬೈಕಿನಲ್ಲೇ ಬಿಟ್ಟ ಕೀ

ಮಂಗಳವಾರ, ಜುಲೈ ೯. ಕಂಪ್ಲಿ.

ಮಿಲ್ಲಿನಿಂದ ಕಳವಾದ ನನ್ನ ಬೈಕು ಚೋರನೂರಿನ ಹತ್ತಿರ ಸಿಕ್ಕಿ ವಾರವಾಯಿತು. ಟ್ಯಾಂಕು ನೆಗ್ಗಿದೆ, ಹ್ಯಾಂಡಲ್ ಬೆಂಡಾಗಿದೆ. ಇವತ್ತು ಇನ್ಶೂರೆನ್ಸ್‌ನವರು ಮಿಲ್ಲಿಗೇ ಬಂದಿದ್ದರು. ಎಲ್ಲ ಫೋಟೊ ತೆಗೆದು, ಕೊನೆಗೆ ಲಾಕಿನ ಮೇಲೆ ಬೆರಳಿಟ್ಟು, "ಇದು ಒಡೆದಿಲ್ಲಲ್ರಿ. ಕೀ ಎಲ್ಲಿತ್ತು?" ಅಂದರು.

ಕೀ ಬೈಕಿನಲ್ಲೇ ಇತ್ತು. ನಮ್ಮ ಮಿಲ್ಲಿನಲ್ಲಿ ಯಾರೂ ಕೀ ತೆಗೆಯುವುದಿಲ್ಲ. ಭತ್ತದ ಲಾರಿ ಬಂದರೆ ಹತ್ತಿರ ಇದ್ದವರು ಗಾಡಿ ಸರಿಸಬೇಕು. ಕೀ ಗಾಡಿಯಲ್ಲೇ ಇತ್ತು ಅಂತ ಹೇಳಿದರೆ ರಿಪೇರಿ ದುಡ್ಡು ಬರುವುದಿಲ್ಲ ಎಂದು ಗ್ಯಾರೇಜಿನವನು ಮೊದಲೇ ಎಚ್ಚರಿಸಿದ್ದ.

"ವಾಚ್‌ಮನ್ ಜಡೆಪ್ಪನ ಕೈಯಾಗ ಕೊಟ್ಟಿದ್ದೆ ಸರ್" ಎಂದುಬಿಟ್ಟೆ. ಅವರು ಹೆಸರು ಬರೆದುಕೊಂಡರು. ಪೊಲೀಸರೂ ಅವನನ್ನು ವಿಚಾರಿಸುತ್ತಾರಂತೆ.

ರಾತ್ರಿ ಮನೆಯಲ್ಲಿ ಎರಡು ಸಲ ಎದ್ದು ಬಾಗಿಲ ಚಿಲಕ ನೋಡಿ ಬಂದೆ. ಆ ಹೆಸರೇ ಯಾಕೆ ಬಾಯಿಗೆ ಬಂತು? ಗೇಟಿನ ಹತ್ತಿರ ಕಣ್ಣಿಗೆ ಬಿದ್ದವನು ಅವನು, ಅಷ್ಟೇ.

ಸಂಜೆ ಮಿಲ್ಲಿನಿಂದ ಹೊರಡುವಾಗ ಜಡೆಪ್ಪ ಹತ್ತಿರ ಬಂದಿದ್ದ. "ಸಾಹೇಬ್ರು ನನ್ನ ಹೆಸ್ರೂ ಬರ್ಕಂಡ್ರಂತಲ್ರಿ. ನಂಗೂ ಏನಾರ ರೊಕ್ಕ ಬರ್ತೈತೇನ್ರಿ ಅದ್ರಾಗ?"

"ನೋಡೋಣ" ಅಂದೆ.

ನಾಳೆ ಬೆಳಿಗ್ಗೆ ನನಗೆ ಗೇಟು ತೆಗೆಯುವವನೂ ಅವನೇ.