ತಗ್ಗು ಹಾಗೇ ಇರಲಿ

ಇವಳೇ,

ಇವತ್ತು ಅಂಗಡಿಗೆ ಒಬ್ಬ ಹೆಂಗಸು ತೀರಿಕೊಂಡ ತನ್ನ ಗಂಡನ ಬೆತ್ತದ ಕುರ್ಚಿ ರಿಪೇರಿಗೆ ತಂದಿದ್ದಳು. ಹೆಣಿಗೆ ಜೋತುಬಿದ್ದು ಅಂಚು ಹರಿದಿತ್ತು.

"ಹರಿದಿದ್ದನ್ನ ಮಾತ್ರ ಕಟ್ಟಿ ಯಜಮಾನ್ರೇ. ಅವರು ಕೂತೂ ಕೂತೂ ಬಿದ್ದ ತಗ್ಗು ಹಾಗೇ ಇರ್ಲಿ."

"ಬಿಗಿ ಮಾಡದೆ ಕೊಟ್ರೆ ಜನ ನನಗೆ ಕೆಲಸ ಬರಲ್ಲ ಅಂತಾರಮ್ಮ," ಎಂದು ರೇಗಿದೆ.

"ಸಂಜೆ ಬಂದು ಕೂತ್ಕೋತಾರೆ ಅನ್ಸುತ್ತೆ. ಬರ್ತಾರಲ್ವಾ?"

ನನ್ನ ಬಾಯಿ ಎಂಥದ್ದು ಅಂತ ನಿನಗೆ ಗೊತ್ತು. ಆದರೂ "ಬರ್ತಾರೆ, ಯಾಕೆ ಬರಲ್ಲ" ಅಂದುಬಿಟ್ಟೆ. ಅವಳು ಕಣ್ಣು ಒರೆಸಿಕೊಂಡು ನಕ್ಕಳು. ತಗ್ಗು ಮುಟ್ಟದೆ ಅಂಚು ಕಟ್ಟಿಕೊಟ್ಟೆ.

ನಮ್ಮ ಮಗ ತೀರಿಹೋದ ವರ್ಷ ನೀನು ಪಾತ್ರೆ ತೊಳೆಯುತ್ತಾ ಅವನ ಜೊತೆ ಮಾತಾಡುತ್ತಿದ್ದೆ. "ಅವನಿಗೆ ಕೇಳಿಸುತ್ತೆ ಅಲ್ವಾ?" ಅಂತ ಒಂದು ದಿನ ನನ್ನನ್ನು ಕೇಳಿದೆ. "ಸತ್ತವರಿಗೆ ಕಿವಿ ಎಲ್ಲಿದೆ, ಸುಮ್ನಿರೇ" ಅಂತ ನಾನು ಗದರಿದೆ. ಅವತ್ತಿನಿಂದ ಅಡುಗೆಮನೆಯಲ್ಲಿ ಬರೀ ಪಾತ್ರೆಗಳ ಸದ್ದು. ಆಮೇಲೆ ನೀನೂ ಅವನ ಹಿಂದೆ ಹೊರಟುಹೋದೆ.

ಹೌದು ಅಂದಿದ್ದರೆ ನನ್ನ ಗಂಟೇನು ಹೋಗುತ್ತಿತ್ತು?

ನಾನು ಅಂಗಡಿಗೆ ಹೋದ ಮೇಲಾದರೂ, ನನಗೆ ಕೇಳಿಸದ ಹಾಗೆ, ನೀನು ಅವನ ಜೊತೆ ಮಾತಾಡುತ್ತಿದ್ದೆ ಅಂತ ನಂಬಿಕೊಳ್ಳಲು ನೋಡುತ್ತಿದ್ದೇನೆ.