ಕಾರಿನ ಸ್ಪೀಕರ್ ಕೆಟ್ಟಿಲ್ಲ

ಡೆಸ್,

ಊಟದ ಮೇಜಿನ ಮೇಲೆ ಹರಡಿಕೊಂಡಿರುವ ಸ್ಪೀಕರ್‌ಗಳನ್ನು ಮತ್ತೆ ಕಾರಿನ ಬಾಗಿಲಿಗೆ ಜೋಡಿಸು. ಅವು ಕೆಟ್ಟಿಲ್ಲ. ವೈರೂ ಸರಿಯಿದೆ.

ನೀನು ಬಿಚ್ಚುವ ಮೊದಲು ನಾನೊಬ್ಬಳೇ ಲಾಂಗ್‌ರೀಚ್‌ಗೆ ಹೋಗಿ ಬಂದೆನಲ್ಲ, ಹಾಡು ಒಂದು ಸಲವೂ ನಿಲ್ಲಲಿಲ್ಲ. ಅದನ್ನು ಹೇಳಿದರೆ, "ನಿಂಗೇನ್ ಗೊತ್ತು, ಸುಮ್ನಿರು ನೊಲೀನ್" ಅಂದೆ.

ಗೊತ್ತು. ನಾನು ಬಾಯಿ ತೆಗೆದ ಕೂಡಲೇ ನೀನು ವಾಲ್ಯೂಮ್ ಪೂರ್ತಿ ಏರಿಸುತ್ತೀಯ. ನನ್ನ ಸೀಟಿನ ಕೆಳಗಿರುವ ಆಂಪ್ಲಿಫೈಯರ್ ಬಾಣಲೆಯಂತೆ ಕಾದು, ಸುಟ್ಟುಹೋಗಬಾರದೆಂದು ತಾನೇ ಬಾಯಿ ಮುಚ್ಚಿಕೊಳ್ಳುತ್ತದೆ. ಆರಿದ ಮೇಲೆ ಮತ್ತೆ ಹಾಡುತ್ತದೆ. ಆ ಬಿಸಿ ತಾಗುವುದು ನನ್ನ ಕಾಲಿಗೆ, ನಿನಗಲ್ಲ.

ಗ್ವೆನ್ ಅಕ್ಕನಿಗೆ ಆಪರೇಷನ್ ಎಂದು ಹೇಳಲು ಕಾರಿನಲ್ಲಿ ಎರಡು ಸಲ ಪ್ರಯತ್ನಿಸಿದೆ. ಎರಡು ಸಲವೂ ಸ್ಪೀಕರ್ ನಿಂತಿತು. ಆಗಲಾದರೂ ಕೇಳಿಸಿಕೊಳ್ಳುತ್ತೀಯೇನೋ ಅಂದುಕೊಂಡೆ. ನೀನು ಸ್ಪೀಕರಿಗೆ ಬೈಯುತ್ತಾ ಕೂತೆ.

ಕೋಳಿಗಳಿಗೆ ನೀರಿಡು, ಬಿಸಿಲು ಜೋರಾಗಿದೆ. ಊಟಕ್ಕೆ ಪೈ ಫ್ರಿಜ್ಜಿನಲ್ಲಿದೆ. ಬಿಸಿ ಮಾಡುವುದು ಹೇಗೆಂದು ಫೋನ್ ಮಾಡಿ ಕೇಳಬೇಡ.

ರಾಕ್‌ಹ್ಯಾಂಪ್ಟನ್‌ಗೆ, ಅಕ್ಕನ ಹತ್ತಿರ ಹೊರಟಿದ್ದೇನೆ. ಬಸ್ಸಿನಲ್ಲೇ ಹೋಗುತ್ತೇನೆ. ಅವಳಿಗೆ ವಾಸಿಯಾದ ಮೇಲೂ ಅಲ್ಲೇ ಇರುತ್ತೇನೆ.

ಪಕ್ಕದ ಸೀಟು ಇನ್ನು ಖಾಲಿ. ನಿನ್ನ ಹಾಡು ಎಲ್ಲೂ ನಿಲ್ಲುವುದಿಲ್ಲ.

ನೊಲೀನ್